ಮುಂಗಡ ವಾಪಸ್ಸೋ, ಸಂಬಳವೋ?

ಪ್ರಶ್ನೆ: ನನ್ನದು ಸಣ್ಣ ಪ್ರವಾಸ ಸಂಸ್ಥೆ. ಮೂವರು ಮಹಿಳೆಯರು ಕೆಲಸಕ್ಕಿದ್ದಾರೆ. ಬುಕಿಂಗ್‌ಗಳು ಸಾಲಾಗಿ ರದ್ದಾಗುತ್ತಿವೆ. ಇರುವ ಹಣದಲ್ಲಿ ಮುಂಗಡ ಹಿಂದಿರುಗಿಸಲೇ, ಸಂಬಳ ಕೊಡಲೇ? ರಿಯಾಯಿತಿ ಕೊಟ್ಟರೆ ಜನ ಬಂದಾರೇ?

ಉತ್ತರ: ಮೊದಲು ಒಂದು ಭಾಗಾಕಾರ ಮಾಡಿ. ಖಾತೆಯಲ್ಲಿರುವ ಹಣದಿಂದ ಗ್ರಾಹಕರ ಮುಂಗಡ ಕಳೆಯಿರಿ. ಪ್ರವಾಸ ಮುಗಿಯುವವರೆಗೆ ಅದು ನಿಮ್ಮದಲ್ಲ. ಉಳಿದದ್ದನ್ನು ಬಾಡಿಗೆ, ಸಂಬಳ, ಸಾಲದ ಕಂತು, ವಿಮೆ ಸೇರಿದ ತಿಂಗಳ ಖರ್ಚಿನಿಂದ ಭಾಗಿಸಿ. ನಿಮ್ಮ ಸಂಬಳವನ್ನೂ ಖರ್ಚಿಗೆ ಸೇರಿಸಿ (ಇದನ್ನು ಬಿಡುವವರೇ ಹೆಚ್ಚು). ಮನೆ ಖರ್ಚು, ವ್ಯವಹಾರ ಒಂದೇ ಖಾತೆಯಲ್ಲಿದ್ದರೆ ಈ ಲೆಕ್ಕವೇ ಸುಳ್ಳಾಗುತ್ತದೆ. ಬರುವ ಉತ್ತರವೇ ನಿಮ್ಮ ಹಣ ಎಷ್ಟು ತಿಂಗಳು ಸಾಕಾಗುತ್ತದೆ ಎಂಬುದು. ಅದು 3 ತಿಂಗಳಿಗಿಂತ ಕಡಿಮೆ ಬಂದರೆ ತಡಮಾಡದೆ ಬ್ಯಾಂಕಿನವರೊಂದಿಗೆ ಮಾತಾಡಿ. ಕಂತು ತಪ್ಪಿದ ಮೇಲೆ ಹೋದರೆ ಅವಧಿ ವಿಸ್ತರಣೆ ಸಿಗುವುದು ಕಷ್ಟ.

ಮುಂಗಡ ಕೊಟ್ಟವರಿಗೆ ನೀವೇ ಮೊದಲು ಫೋನ್ ಮಾಡಿ. ದಿನಾಂಕ ಬದಲಾವಣೆ ಕೇಳಿ, ಆಗದಿದ್ದರೆ 12 ತಿಂಗಳ ವೋಚರ್ (ಅದೇ ಮೊತ್ತಕ್ಕೆ ಮುಂದೆ ಪ್ರವಾಸ ಮಾಡಬಹುದಾದ ಚೀಟಿ), ಅದೂ ಬೇಡವೆಂದವರಿಗೆ ತಾರೀಖು ಬರೆದುಕೊಟ್ಟು ಕಂತಿನಲ್ಲಿ ವಾಪಸ್. ಹಣವನ್ನೇ ಕೊಡಬೇಕೆಂದು ಕಾನೂನು ಹೇಳುವ ಕಡೆ ವೋಚರ್ ಹೇರಲಾಗದು. ಸುಮ್ಮನಿದ್ದರೆ ಕಾರ್ಡಿನಲ್ಲಿ ಹಣ ಕಟ್ಟಿದ ಗ್ರಾಹಕರು ತಮ್ಮ ಬ್ಯಾಂಕಿಗೆ ದೂರುತ್ತಾರೆ, ಬ್ಯಾಂಕ್ ನಿಮ್ಮಿಂದ ಹಣ ಹಿಂಪಡೆದರೆ ಅದರ ಜತೆ ಶುಲ್ಕವೂ ನಿಮ್ಮ ತಲೆಗೆ.

ಸಿಬ್ಬಂದಿಯನ್ನು ಬಿಡಿಸುವ ಬದಲು ಅವರನ್ನೇ ಕೇಳಿ ಕೆಲಸದ ದಿನ ಕಡಿಮೆ ಮಾಡಿ.

ರಿಯಾಯಿತಿ ಬೇಡವೇ ಬೇಡ. 100ಕ್ಕೆ 30 ಉಳಿಯುವಲ್ಲಿ 20 ಬಿಟ್ಟರೆ ಉಳಿಯುವುದು 10. ಅದೇ ಲಾಭಕ್ಕೆ ಮೂರು ಪಟ್ಟು ಜನ ಬೇಕು. 2020ರಲ್ಲಿ ಜಗತ್ತಿನಾದ್ಯಂತ ವಿದೇಶ ಪ್ರವಾಸ ಶೇ 70ಕ್ಕೂ ಹೆಚ್ಚು ಕುಸಿದಾಗ ಮೊದಲು ಚೇತರಿಸಿದ್ದು ಒಳನಾಡು ಪ್ರವಾಸ. ಹಾಗಾಗಿ ಹತ್ತಿರದವರಿಗೆ ಒಂದೇ ದಿನದ, ಸಣ್ಣ ಗುಂಪಿನ ಪ್ರವಾಸ ರೂಪಿಸಿ.