ಹುಬ್ಬಳ್ಳಿಗೆ ಬಂದರೆ ಕಾರ್ಪೊರೇಟರ್ ಪರಿಚಯ ಬೇಕೇಬೇಕಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರು ಬಿಟ್ಟು ಸಂಸಾರ ಸಮೇತ ಹುಬ್ಬಳ್ಳಿಗೆ ಬರ್ತಿದ್ದೇವೆ, ಅಲ್ಲಿ ಕಾರ್ಪೊರೇಟರ್ ಪರಿಚಯ ಇಲ್ಲದೆ ಏನೂ ಆಗಲ್ಲ ಅಂತಾರೆ, ನಿಜಾನಾ?

ಅರ್ಧ ನಿಜ. ಆದರೆ ಪರಿಚಯಕ್ಕೆ ನೀವೇನೂ ಓಡಾಡಬೇಕಾಗಿಲ್ಲ. ಓಣಿಯಲ್ಲಿ ನಾಲ್ಕು ಮದುವೆ, ಒಂದು ಗಣಪತಿ ಹಬ್ಬ ಆಗುವಷ್ಟರಲ್ಲಿ ತಾನಾಗೇ ಆಗುತ್ತದೆ.

ನಾನು ಹುಟ್ಟಿ ಬೆಳೆದವನು ಇಲ್ಲೇ. ನಮ್ಮಲ್ಲಿ ಕಾರ್ಪೊರೇಟರ್ ಅಂದರೆ ಪಕ್ಷ ಆಮೇಲೆ, ಮೊದಲು ಆತ ಯಾರದೋ ಮನೆ ಅಳಿಯ, ಯಾರದೋ ಬೀಗ, ಇಲ್ಲಾ ನಮ್ಮ ಕಾಕಾನ ಜೊತೆ ಸಾಲಿಗೆ ಹೋದವನು. ಮದುವೆಗೆ ಬರ್ತಾನೆ, ಕುಬಸಕ್ಕೆ ಬರ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಮಣ್ಣಿಗೆ ಬರ್ತಾನೆ. ನಮ್ಮ ಅಜ್ಜ ತೀರಿಕೊಂಡ ದಿನ ಮನೆಯವರು ಇನ್ನೂ ಬೀಗರಿಗೆ ಫೋನ್ ಹಚ್ಚುತ್ತಾ ಕುಳಿತಿದ್ದೆವು, ಅಷ್ಟರಲ್ಲೇ ಓಣಿಯ ಮೂಲೆಗೆ ನೀರಿನ ಟ್ಯಾಂಕರ್ ಬಂದು ನಿಂತಿತ್ತು, ಅದರ ಹಿಂದೆ ಶಾಮಿಯಾನದ ಹುಡುಗರು ಕುರ್ಚಿ ಇಳಿಸುತ್ತಿದ್ದರು. ಯಾರೂ ಹೇಳಿ ಕಳಿಸಿರಲಿಲ್ಲ. ಆತ ಬಂದು ಅಪ್ಪನ ಪಕ್ಕ ಸುಮ್ನೆ ಕೂತ. ಆಮೇಲೆ ಎದ್ದು ಕುಣಿ ತೆಗೆಯುವವರಿಗೆ ತಾನೇ ಫೋನ್ ಮಾಡಿದ. ಆತನ ಪಕ್ಷಕ್ಕೆ ನಮ್ಮ ಮನೆಯಲ್ಲಿ ಯಾರೂ ಓಟು ಹಾಕಿದವರಲ್ಲ. ಮುಂದಿನ ಸಲ ಅವ್ವ ಹಾಕಿದಳು. ಕೇಳಿದರೆ "ಮಾವನವರ ಮಣ್ಣಿಗೆ ಬಂದಿದ್ನಲ್ಲೋ" ಅಂದಳು, ಮುಗೀತು. ಪೇಪರಿನವರು ಇದನ್ನು ಜಾತಿ ಲೆಕ್ಕ ಅಂತ ಬರೀತಾರೆ. ಜಾತಿಯೂ ಇದೆ, ಇಲ್ಲ ಅಂತಲ್ಲ. ಆದರೆ ಕಷ್ಟದ ಹೊತ್ತಿಗೆ ಬಾಗಿಲಿಗೆ ಯಾರು ಬಂದರು ಅನ್ನುವುದೂ ಒಂದು ಲೆಕ್ಕವೇ ಅಲ್ವಾ.

ಹಾಗಂತ ಮಣ್ಣಿಗೆ ಬಂದವನು ಗಟಾರ ಕಟ್ಟಿಸುತ್ತಾನೆ ಅಂತ ಗ್ಯಾರಂಟಿ ಇಲ್ಲ. 2021ರ ಹುಬ್ಬಳ್ಳಿ-ಧಾರವಾಡ ಪಾಲಿಕೆ ಚುನಾವಣೆಗೆ ವಾರ್ಡುಗಳು 67 ಇದ್ದದ್ದು 82 ಆದವು. ಗಡಿ ಗೀಟು ಎಳೆಯುವಾಗ ನಮ್ಮ ಓಣಿಯ ಆ ಕಡೆ ಸಾಲು ಒಂದು ವಾರ್ಡಿಗೆ, ಈ ಕಡೆ ಸಾಲು ಇನ್ನೊಂದಕ್ಕೆ ಹೋಯಿತು. ಗಟಾರ ಇರುವುದು ಆ ಕಡೆ, ಮಳೆ ಬಂದರೆ ನೀರು ನುಗ್ಗುವುದು ಈ ಕಡೆ. ಆ ಸದಸ್ಯರು "ಕಂಪ್ಲೇಂಟ್ ನಮ್ಮ ವಾರ್ಡಿನವರದ್ದಲ್ರೀ" ಅಂತಾರೆ, ಈ ಸದಸ್ಯರು "ಗಟಾರ ನಮ್ಮದಲ್ರೀ" ಅಂತಾರೆ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಚಹಾ ಕುಡಿಸಿ ಕಳಿಸುತ್ತಾರೆ.

ಇನ್ನು ಆ ಚುನಾವಣೆಯಲ್ಲಿ ನಮ್ಮ ಮನೆಯಲ್ಲೇ ಎರಡು ಪಾರ್ಟಿ ಆಗಿತ್ತು. ಕಾಕಾ ಒಬ್ಬ ಪಕ್ಷೇತರರ ಪರವಾಗಿ ತಿರುಗಾಡಿದರು. ಕಾಕೂನ ತವರಿನ ಕಡೆಯವರೊಬ್ಬರು ಅದೇ ವಾರ್ಡಿನಲ್ಲಿ ಟಿಕೆಟ್ ತಗೊಂಡು ನಿಂತಿದ್ದರು. ಕಾಕೂ ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ, ರೊಟ್ಟಿ ಬಡಿಯುವ ಸಪ್ಪಳದಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. ಕೊನೆಗೆ ಇಬ್ಬರೂ ಸೋತರು, ಗೆದ್ದವನು ಮೂರನೆಯವನು. ಸೆಪ್ಟೆಂಬರ್‌ನಲ್ಲಿ ಚುನಾವಣೆ, ಅಕ್ಟೋಬರ್‌ನಲ್ಲಿ ದಸರಾ, ಅಷ್ಟು ದಿನ ಹೀಗೇ ನಡೆಯಿತು. ದಸರಾ ದಿನ ಕಾಕಾನೇ ಬನ್ನಿ ಹಿಡಿದು ಬೀಗರ ಮನೆಗೆ ಹೋಗಿ "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂದು ಬಂದರು. ರಾಜಕೀಯ ಐದು ವರ್ಷಕ್ಕೊಮ್ಮೆ, ಕಾಕೂನ ರೊಟ್ಟಿ ದಿನಾ ಬೇಕು ಅನ್ನೋದು ಅವರ ವಾದ.

ಈಗ ನಿಮಗೆ ಬೇಕಾದ ಮಾತು. ಸದಸ್ಯರ ಕೈಯಲ್ಲಿ ಅಧಿಕಾರ ಕಡಿಮೆ. ಆಡಳಿತ ಕಮಿಷನರ್ ಕೈಯಲ್ಲಿ, ಮೇಯರ್ ಅವಧಿ ಒಂದೇ ವರ್ಷ, ಅದೂ ಮೀಸಲಾತಿ ತಿರುಗುತ್ತಾ ಬರುತ್ತದೆ. ಫೈಲು ಎಲ್ಲಿದೆ ಅಂತ ತಿಳಿಯುವಷ್ಟರಲ್ಲಿ ಮೇಯರ್ ಬದಲಾಗಿರುತ್ತಾರೆ. 2021ರಲ್ಲಿ ಬಿಜೆಪಿ 39, ಕಾಂಗ್ರೆಸ್ 33 ಗೆದ್ದವು, ಉಳಿದವರು ಹತ್ತು ಮಂದಿ. ಆದರೂ ಮೇಯರ್ ಆಯ್ಕೆ ಆಗಿದ್ದು 2022ರ ಮೇ ತಿಂಗಳಲ್ಲಿ! ಹಿಂದಿನವರ ಅವಧಿ 2019ರಲ್ಲೇ ಮುಗಿದಿತ್ತು. ನಡುವೆ ಕೊರೊನಾ ಬೇರೆ. ಆಗ ಗೊತ್ತಾಯಿತು ನಮಗೆ ಕಾರ್ಪೊರೇಟರ್ ಯಾಕೆ ಬೇಕು ಅಂತ. ಅಧಿಕಾರಿಗೆ ಅರ್ಜಿ ಕೊಡಬಹುದು, ರಾತ್ರಿ ಮನೆಗೆ ಹೋಗಿ ಬೈಯೋಕೆ ಆಗಲ್ಲ. ನಿಮಗೂ ಇದು ಹೊಸದಲ್ಲ, ಬೆಂಗಳೂರಿನಲ್ಲೂ 2020ರ ಸೆಪ್ಟೆಂಬರ್ ನಂತರ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ.

ವಾರ್ಡುಗಳಲ್ಲಿ ಅರ್ಧದಷ್ಟು ಮಹಿಳಾ ಮೀಸಲು. ಕೆಲವು ಕಡೆ ಗೆದ್ದವರು ಹೆಂಡತಿ, ಫೋನ್ ಎತ್ತುವವರು ಗಂಡ. ನೀವು ಮೇಡಂ ಅವರ ನಂಬರೇ ಕೇಳಿ ತಗೊಳ್ಳಿ. ನನ್ನ ಅನುಭವದಲ್ಲಿ ಕೆಲಸ ಅಲ್ಲೇ ಬೇಗ ಆಗುತ್ತದೆ.

ಧಾರವಾಡದಲ್ಲಿ ಮನೆ ನೋಡುತ್ತಿದ್ದರೆ ಇನ್ನೊಂದು ವಿಷಯ. ಎರಡೂ ಊರು ಸೇರಿ ಒಂದೇ ಪಾಲಿಕೆ ಆಗಿದ್ದು 1962ರಲ್ಲಿ. ದುಡ್ಡೆಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಅಂತ ಧಾರವಾಡದವರ ಗೊಣಗಾಟ ಅಂದಿನಿಂದಲೂ ಇದೆ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿದೆ. ಅಲ್ಲಿನ ನೆಂಟರ ಮುಂದೆ ಈ ವಿಷಯ ತೆಗೆಯಬೇಡಿ, ಊಟ ತಡ ಆಗುತ್ತದೆ.

ಎಲ್ಲಕ್ಕಿಂತ ಮೊದಲು ನೀರು ನೋಡಿ. 2008ರಲ್ಲೇ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಇಲ್ಲಿನ ಕೆಲವು ವಾರ್ಡುಗಳಿಗೆ 24 ತಾಸೂ ಮಲಪ್ರಭಾ ನೀರು ಬಂತು, ಆಗ ದೇಶದ ತುಂಬ ಸುದ್ದಿ. ಎಲ್ಲ ಓಣಿಗೂ ಅದು ಮುಟ್ಟಿಲ್ಲ. ಪಕ್ಕದ ಪಕ್ಕದ ಬಡಾವಣೆಗೇ ಫರಕು ಇರುತ್ತದೆ. ಹಾಗಾಗಿ ಮನೆ ನೋಡಲು ಬಂದಾಗ ನೀರು ಎಷ್ಟು ದಿನಕ್ಕೊಮ್ಮೆ ಅಂತ ಮಾಲೀಕರನ್ನು ಕೇಳಬೇಡಿ, ಎದುರು ಮನೆ ಅಕ್ಕನನ್ನು ಕೇಳಿ. ಸಂಪಿನ ಮುಚ್ಚಳ ತೆಗೆಸಿ ಒಳಗೆ ಎಷ್ಟಿದೆ ನೀವೇ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.