ಉರಿಮೂತ್ರಕ್ಕೆ ‘ನೀರು ಕುಡೀರಿ’ ಅನ್ನುವ ಮೊದಲು

ವೈದ್ಯರು ಚೀಟಿಯಲ್ಲಿ ಬರೆದು ಕಳಿಸಿದ್ದು ಇಷ್ಟೇ: “ವರ್ಷದಲ್ಲಿ ಮೂರನೇ ಸಲ. ಈ ಸಲ ಕಿಡ್ನಿಗೆ ಏರಿತ್ತು. ನೀರೇ ಕುಡಿಯುವುದಿಲ್ಲ. ಮಾತಾಡಿಸಿ ನೋಡಿ.” ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಈ ಹೆಂಗಸನ್ನು ರತ್ನಮ್ಮ ಅಂತ ಕರೆಯುತ್ತೇನೆ. ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.

ವಯಸ್ಸು ಮೂವತ್ತೈದರ ಆಸುಪಾಸು, ಇಬ್ಬರು ಮಕ್ಕಳು, ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೂಲಿ. ಮೊದಲ ಸಲ ಉರಿಮೂತ್ರ ಬಂದಾಗ ಅತ್ತೆ “ಹೀಟ್ ಆಗಿದೆ” ಅಂತ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟಿದ್ದರು. ಎರಡನೇ ಸಲ ಮೆಡಿಕಲ್ ಶಾಪಿನಿಂದ ಮಾತ್ರೆ. ಎರಡು ದಿನ ನುಂಗಿ, ಉರಿ ಇಳಿದ ಮೇಲೆ ಮಿಕ್ಕಿದ್ದನ್ನು ಬೀರುವಿನಲ್ಲಿ ಎತ್ತಿಟ್ಟಿದ್ದಾರೆ. ಮೂರನೇ ಸಲ ಆ ಮಿಕ್ಕಿದ ಮಾತ್ರೆಯೇ ಮದ್ದು. ಉರಿ ಇಳಿಯಲಿಲ್ಲ. ಆಮೇಲೆ ನಡುಗಿಸುವ ಚಳಿಜ್ವರ, ವಾಂತಿ, ಬಲಗಡೆ ಪಕ್ಕೆಲುಬಿನ ಕೆಳಗೆ ಬೆನ್ನು ಮುಟ್ಟಿಸಿಕೊಳ್ಳಲಾಗದಷ್ಟು ನೋವು. ಆಸ್ಪತ್ರೆಗೆ ಸೇರಿ, ಡ್ರಿಪ್ಪಿನಲ್ಲಿ ಆ್ಯಂಟಿಬಯಾಟಿಕ್ ಹಾಕಿಸಿಕೊಂಡು, ಜ್ವರ ಬಿಟ್ಟ ಮೇಲೆ ನನ್ನ ಮುಂದೆ ಕೂತಿದ್ದರು. ಶುಗರ್ ಸರಿಯಿತ್ತು. ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡಿರಲಿಲ್ಲ.

“ಬೆಳಿಗ್ಗೆ ಎದ್ದಾಗಿಂದ ಹೇಳಿ ರತ್ನಮ್ಮ. ಯಾವಾಗ ಏನು ಕುಡೀತೀರಿ, ಒಂದಕ್ಕೆ ಯಾವಾಗ ಹೋಗ್ತೀರಿ?”

ಐದಕ್ಕೆ ಎದ್ದಾಗ ಒಂದಕ್ಕೆ. ಆರಕ್ಕೆ ಅರ್ಧ ಲೋಟ ಕಾಫಿ. ಏಳಕ್ಕೆ ಘಟಕದಲ್ಲಿ ಗೂಡು ಕುದಿಯುವ ಬೇಸಿನ್ ಮುಂದೆ ಕೂತರೆ ಮಧ್ಯಾಹ್ನ ಮುದ್ದೆ ಉಣ್ಣುವಾಗ ಒಂದು ಲೋಟ ನೀರು. ಸಂಜೆ ಮನೆಗೆ ಬಂದ ಮೇಲೆ ಮತ್ತೆ ಒಂದಕ್ಕೆ.

“ನಡುವೆ?”

“ನಡುವೆ ಎಲ್ಲಿಗೆ ಹೋಗೋದು ಮೇಡಂ? ಕುಡಿದ್ರೆ ತಾನೇ ಬರೋದು.”

ಘಟಕದಲ್ಲಿ ಶೌಚಾಲಯವಿಲ್ಲ. ಗಂಡಸರು ಹಿಂದಿನ ಗೋಡೆಯ ಕಡೆ ಹೋಗುತ್ತಾರೆ. ಗೂಡು ಕುದಿಯುವ ನೀರಿನ ಆವಿಯಲ್ಲಿ ಇಡೀ ದಿನ ಬೆವರುವ ಹೆಂಗಸರು ನೀರನ್ನೇ ಬಿಟ್ಟಿದ್ದಾರೆ. ಎಳೆ ಓಡುತ್ತಿರುವಾಗ ಎದ್ದರೆ ಪಕ್ಕದವಳು ಎರಡು ಬೇಸಿನ್ ನೋಡಿಕೊಳ್ಳಬೇಕು, ಆ ಸಂಕೋಚ ಬೇರೆ.

ಇಂಥವರಿಗೆ ‘ದಿನಾ ಮೂರು ಲೀಟರ್ ಕುಡೀರಿ’ ಅಂತ ಹೇಳಿ ಕಳಿಸಿದರೆ ತಲೆಯಾಡಿಸಿ ಹೋಗುತ್ತಾರೆ, ಕುಡಿಯುವುದಿಲ್ಲ. ಅವರನ್ನು ದೂರುವ ಹಾಗೂ ಇಲ್ಲ. ಮೊದಲು ಹೋಗಲು ಜಾಗ ಆಗಬೇಕು, ನೀರಿನ ಮಾತು ಆಮೇಲೆ. ಹಾಗಾಗಿ ಆ ದಿನದ ಹೆಚ್ಚಿನ ಹೊತ್ತು ನಾವು ಮಾತಾಡಿದ್ದು ಮಾಲೀಕರ ಮನೆಯ ಬಗ್ಗೆ. ಘಟಕಕ್ಕೆ ಅಂಟಿಕೊಂಡೇ ಅವರ ಮನೆ, ಹಿತ್ತಿಲಲ್ಲಿ ಶೌಚಾಲಯ. ಯಾರೂ ಕೇಳಿಲ್ಲ. ಮಾಲೀಕರನ್ನು ಕೇಳಲು ನಾಚಿಕೆ ಅಂದರು. ಮಾಲೀಕರ ಹೆಂಡತಿಯನ್ನು ಕೇಳಿ, ಒಬ್ಬರೇ ಹೋಗಬೇಡಿ, ಘಟಕದ ನಾಲ್ಕೂ ಜನ ಹೆಂಗಸರು ಸೇರಿ ಹೋಗಿ ಅಂದೆ. ಆಸ್ಪತ್ರೆಗೆ ಸೇರಿದ್ದನ್ನೇ ಕಾರಣ ಹೇಳಿ, ತೊಳೆಯುವ ಪಾಳಿ ನಾವೇ ಹಂಚಿಕೊಳ್ತೀವಿ ಅನ್ನಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು ನಿಜ. ಆದರೆ ಮನೆಗೆ ಅಂಟಿದ ನಾಲ್ಕೈದು ಜನರ ಘಟಕ ಆ ಕಾಯ್ದೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಲ್ಲಿ ಕಾಯ್ದೆ ಓದಿ ಹೇಳಿದರೆ ಕೂಲಿ ಹೋಗುತ್ತದೆ, ಅಷ್ಟೇ.

ಜಾಗ ಸಿಕ್ಕ ಮೇಲೆ ಎಷ್ಟು ನೀರು? ಇದಕ್ಕೆ ಒಳ್ಳೆಯ ಆಧಾರವಿದೆ. ಪದೇ ಪದೇ ಉರಿಮೂತ್ರ ಬರುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ಬಲ್ಗೇರಿಯಾದಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧ ಜನ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಸೋಂಕು ಬಂದದ್ದು ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ. ರತ್ನಮ್ಮನವರಿಗೆ ಹೇಳಿದ್ದು: ಒಂದು ಲೀಟರಿನ ಬಾಟಲಿ ಮನೆಯಿಂದಲೇ ತುಂಬಿಸಿಕೊಂಡು ಹೋಗಿ, ಊಟದ ಹೊತ್ತಿಗೆ ಖಾಲಿಯಾಗಬೇಕು, ಮಧ್ಯಾಹ್ನದ ಮೇಲೆ ಇನ್ನೊಂದು. ಬಾರ್ಲಿ ನೀರು, ಎಳನೀರು, ಅತ್ತೆಯ ಕಾಮಕಸ್ತೂರಿ ಯಾವುದೂ ಬೇಡ ಅನ್ನಲಿಲ್ಲ. ಅವೂ ಹೊಟ್ಟೆಗೆ ನೀರೇ ತಾನೆ. ಅದನ್ನೇ ಔಷಧಿ ಅಂದುಕೊಂಡು ಆಸ್ಪತ್ರೆ ತಪ್ಪಿಸಬಾರದು. (ಹೃದಯದ ತೊಂದರೆ, ಕಿಡ್ನಿ ವೈಫಲ್ಯ ಇರುವವರು ವೈದ್ಯರನ್ನು ಕೇಳದೆ ನೀರು ಹೆಚ್ಚಿಸಬಾರದು.)

ಹೊರಗೆ ಬೆಂಚಿನ ಮೇಲೆ ಗಂಡ ಕೂತಿದ್ದರು. ರತ್ನಮ್ಮನವರನ್ನು ಕೇಳಿಯೇ ಒಳಗೆ ಕರೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೋಂಕು ಅಂದ್ರಲ್ಲ ಮೇಡಂ, ಇದು ಯಾರಿಂದ ಬಂದಿದ್ದು?” ಅಂದರು. ಮೂರು ಸಲದಿಂದಲೂ ಮನೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಅದು. ರತ್ನಮ್ಮ ನೆಲ ನೋಡುತ್ತಿದ್ದರು.

ಯಾರಿಂದಲೂ ಅಲ್ಲ ಅಂದೆ. ಬಹುಪಾಲು ಸಲ ಇದನ್ನು ತರುವುದು ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದು ಎಲ್ಲರ ಕರುಳಿನಲ್ಲೂ ಇರುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದು 20ರ ಹತ್ತಿರ. ಜೊತೆಗೆ ಹೆಂಗಸರಲ್ಲಿ ಅದರ ಬಾಯಿ ಗುದದ್ವಾರಕ್ಕೆ ತೀರಾ ಹತ್ತಿರ. ಆದ್ದರಿಂದ ಕ್ರಿಮಿ ಬೇಗ ಮೂತ್ರಕೋಶ ಮುಟ್ಟುತ್ತದೆ, ಗಂಟೆಗಟ್ಟಲೆ ಹೊರಹೋಗದೆ ನಿಂತ ಮೂತ್ರದಲ್ಲಿ ಬೆಳೆಯುತ್ತದೆ, ಅಲ್ಲಿಂದ ಮೇಲೇರಿದರೆ ಕಿಡ್ನಿ. ಗಂಡ ಹೆಂಡತಿ ಕೂಡಿದಾಗ ಆ ಕ್ರಿಮಿ ಒಳಗೆ ತಳ್ಳಲ್ಪಡುತ್ತದೆ ನಿಜ, ಆದರೆ ಇದು ಲೈಂಗಿಕ ರೋಗವಲ್ಲ. ಅನುಮಾನಕ್ಕೆ ಜಾಗವಿಲ್ಲ. ಗಂಡನ ಮುಖ ಸಡಿಲವಾದದ್ದು ನನಗೂ ಕಂಡಿತು.

ಕೂಡಿದ ಮೇಲೆ ಎದ್ದು ಒಂದಕ್ಕೆ ಹೋಗಿ ಬನ್ನಿ ಅಂದಾಗ ರತ್ನಮ್ಮ ಮೆಲ್ಲಗೆ, “ಅತ್ತೆ ನಡುಮನೇಲಿ ಮಲಗಿರ್ತಾರೆ, ಹಿತ್ತಿಲ ಬಾಗಿಲ ಚಿಲಕ ಸದ್ದಾಗುತ್ತೆ” ಅಂದರು. ಚಿಲಕಕ್ಕೆ ಎಣ್ಣೆ ಬಿಡ್ತೀನಿ ಅಂತ ಹೇಳಿದ್ದು ಗಂಡ. ಈ ಅಭ್ಯಾಸಕ್ಕೆ ನೀರಿನಷ್ಟು ಗಟ್ಟಿ ಆಧಾರವಿಲ್ಲ, ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ತೊಳೆಯಿರಿ ಅನ್ನುವುದಕ್ಕೂ ಇಲ್ಲ. ಖರ್ಚಿಲ್ಲ, ಕೆಡುಕಿಲ್ಲ, ಆದ್ದರಿಂದ ಹೇಳುತ್ತೇನೆ. ಡೆಟಾಲ್ ಹಾಕಿ ಒಳಗೆಲ್ಲ ತೊಳೆಯುತ್ತಿದ್ದರು. ಅದನ್ನು ಮಾತ್ರ ಖಡಾಖಂಡಿತವಾಗಿ ನಿಲ್ಲಿಸಿ ಅಂದೆ, ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಅದರಿಂದ ಸಾಯುತ್ತವೆ. ಹೊರಗಷ್ಟೇ ಬರೀ ನೀರು ಸಾಕು.

ಬೀರುವಿನ ಮಾತ್ರೆಗಳ ವಿಚಾರ: ಅರ್ಧಕ್ಕೆ ಬಿಟ್ಟರೆ ಸಾಯದೆ ಉಳಿದ ಕ್ರಿಮಿ ಮುಂದಿನ ಸಲ ಅದೇ ಮಾತ್ರೆಗೆ ಬಗ್ಗದೇ ಹೋಗಬಹುದು. ಮತ್ತೆ ಉರಿ ಬಂದರೆ ಮಾತ್ರೆ ನುಂಗುವ ಮೊದಲೇ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ (ಯಾವ ಕ್ರಿಮಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ) ಕೊಡಬೇಕು. ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ವರದಿಗೆ ಎರಡು ಮೂರು ದಿನ ಬೇಕಾಗುತ್ತದೆ, ಅಲ್ಲಿಯವರೆಗೆ ಏನು ಕೊಡಬೇಕೆಂದು ವೈದ್ಯರು ಹೇಳುತ್ತಾರೆ. ಚಳಿಜ್ವರ, ಪಕ್ಕೆನೋವು, ವಾಂತಿ ಇವುಗಳಲ್ಲಿ ಒಂದು ಸೇರಿಕೊಂಡರೂ ಅದೇ ದಿನ ಆಸ್ಪತ್ರೆ, ಮರುದಿನಕ್ಕೆ ಬೇಡ. ತಂಗಿ ಐದು ತಿಂಗಳ ಬಸುರಿ ಅಂತ ನಡುವೆ ಹೇಳಿದ್ದರು. ಬಸುರಿಯರಿಗೆ ಉರಿ ಇಲ್ಲದಿದ್ದರೂ ಮೂತ್ರದಲ್ಲಿ ಸೋಂಕು ಕಂಡರೆ ಚಿಕಿತ್ಸೆ ಬೇಕೇ ಬೇಕು, ಅವಳ ಮೂತ್ರ ಪರೀಕ್ಷೆ ತಪ್ಪಿಸಬೇಡಿ ಅಂದೆ.

ಮುಂದಿನ ಭೇಟಿಗೆ ಬಂದಾಗ ಮಾಲೀಕರ ಹೆಂಡತಿ ಒಪ್ಪಿದ್ದರು. “ಮೊದಲೇ ಕೇಳೋದಲ್ವಾ” ಅಂದರಂತೆ. ಹತ್ತೂವರೆಗೊಂದು ಸಲ, ಮೂರಕ್ಕೊಂದು ಸಲ ಸರದಿಯಲ್ಲಿ ಎದ್ದು ಹೋಗುತ್ತಾರೆ, ಉಳಿದವರು ಬೇಸಿನ್ ನೋಡಿಕೊಳ್ಳುತ್ತಾರೆ. ಬೆಳಗಿನ ಬಾಟಲಿ ಖಾಲಿಯಾಗುತ್ತಿದೆ, ಮಧ್ಯಾಹ್ನದ್ದು ಅರ್ಧ ಉಳಿಯುತ್ತದೆ. ಮಾಲೀಕರ ಮನೆಯವರು ಮದುವೆ ಮುಂಜಿ ಅಂತ ಬೀಗ ಹಾಕಿಕೊಂಡು ಹೋದ ದಿನ ಏನು ಮಾಡುವುದು ಅನ್ನುವುದು ಇನ್ನೂ ಬಗೆಹರಿದಿಲ್ಲ. ಜೊತೆಯವಳೊಬ್ಬಳ ಮನೆ ಎರಡು ಬೀದಿ ಆಚೆ ಇದೆ, ಅವಳ ಅತ್ತೆಯನ್ನು ಕೇಳಿ ನೋಡ್ತೀನಿ ಅಂದಿದ್ದಾರೆ.