ಮಕ್ಕಳೆಂದರೆ ಇಷ್ಟ, ಆದರೂ ಬೆಳಗಾದರೆ ಭಯ

ಪ್ರಶ್ನೆ: ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಟೀಚರ್ ಆಗಿದ್ದೇನೆ. ಕ್ಲಾಸಿನಲ್ಲಿ 34 ಮಕ್ಕಳು. ಆಯಾ ಒಬ್ಬರೇ, ಅವರೂ ಮೂರು ಕ್ಲಾಸಿಗೆ. ರಾತ್ರಿಯಾದರೂ ಪೋಷಕರ ವಾಟ್ಸಾಪ್ ನಿಲ್ಲುವುದಿಲ್ಲ. ಮೊದಲೆಲ್ಲ ಮಕ್ಕಳು ಓಡಿ ಬಂದು ಸೆರಗು ಹಿಡಿದರೆ ಖುಷಿಯಾಗುತ್ತಿತ್ತು, ಈಗ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಒಂದು ಮಗು ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ನನಗೆ ಏನೂ ಅನಿಸಲಿಲ್ಲ. ಮನೆಯಲ್ಲಿ ಮಗಳ ಮೇಲೆ ರೇಗುತ್ತೇನೆ. "ಮಕ್ಕಳನ್ನು ಆಡಿಸುವುದರಲ್ಲಿ ಎಂಥ ಟೆನ್ಷನ್?" ಅಂತಾರೆ ಮನೆಯವರು. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವಾ?
– ಹೆಸರು ಬೇಡ, ಉಡುಪಿ

ಉತ್ತರ: ಹಾಗಲ್ಲ. ನೀವು ಬಳಲಿದ್ದೀರಿ, ಒಂದು ಭಾನುವಾರ ಮಲಗೆದ್ದರೆ ಹೋಗುವ ಬಳಲಿಕೆ ಅಲ್ಲ ಇದು. ಇದಕ್ಕೆ ಬರ್ನೌಟ್ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದರ ಲಕ್ಷಣ ಬರೆಯುವಾಗ ಮೂರು ವಿಷಯ ಹೇಳಿತು: ಶಕ್ತಿಯೇ ಉಳಿಯದಿರುವುದು, ಕೆಲಸದಿಂದ ಮನಸ್ಸು ದೂರವಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನಿಸುವುದು. ಮೂರೂ ನಿಮ್ಮ ಪತ್ರದಲ್ಲಿವೆ. ಅದೇ ಸಂಸ್ಥೆ ಇದನ್ನು ಕಾಯಿಲೆ ಅನ್ನದೆ, ಕೆಲಸದ ಜಾಗದ ಒತ್ತಡಕ್ಕೆ ಸಂಬಂಧಿಸಿದ್ದು ಅಂತ ಹೇಳಿದೆ.

ನಿಮ್ಮ ಮನೆಯವರು ಜೂನ್‌ನಲ್ಲಿ ಒಂದು ದಿನ ಕ್ಲಾಸಿಗೆ ಬರಬೇಕು. ಹೊರಗೆ ಜಡಿಮಳೆ, ಬಾಗಿಲಲ್ಲಿ ಒದ್ದೆ ರೈನ್‌ಕೋಟಿನ ರಾಶಿ, ಒಂದು ಮಗು ತುಳುವಿನಲ್ಲಿ ಅಮ್ಮನನ್ನು ಕರೆದು ಅಳುತ್ತದೆ, ಇನ್ನೊಂದು ಕೊಂಕಣಿಯಲ್ಲಿ, ಮನೆಯಲ್ಲಿ ಬ್ಯಾರಿ ಮಾತ್ರ ಕೇಳಿದ ಮಗುವಿಗೆ ಟಾಯ್ಲೆಟ್ ಬೇಕು ಅಂತ ಹೇಳಲು ಬಾರದೆ ಚಡ್ಡಿ ಒದ್ದೆಯಾಗಿರುತ್ತದೆ, ಇಷ್ಟರ ನಡುವೆ ಟೀಚರ್ ಮಾತ್ರ ನಗುತ್ತಲೇ ಇರಬೇಕು. ಸಿಟ್ಟು, ಅಳು ಎಲ್ಲವನ್ನೂ ನುಂಗಿಕೊಂಡು ನಗುವುದೂ ದುಡಿಮೆಯೇ. ಅದಕ್ಕೆ ಸಂಬಳ ಇಲ್ಲ, ಅಷ್ಟೇ.

ಇನ್ನೊಂದು ಕೇಳುತ್ತೇನೆ. ಶಾಲೆಯಲ್ಲಿ ನೀರು ಕುಡಿಯುತ್ತೀರಾ? ಕ್ಲಾಸು ಬಿಟ್ಟು ಹೋಗಲು ಆಗುವುದಿಲ್ಲ ಅಂತ ಎಷ್ಟೋ ಟೀಚರ್‌ಗಳು ಮಧ್ಯಾಹ್ನದವರೆಗೆ ಬಾಟಲಿ ಮುಟ್ಟುವುದೇ ಇಲ್ಲ, ಆಮೇಲೆ ಉರಿಮೂತ್ರ, ತಲೆನೋವು. ದಯವಿಟ್ಟು ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಪ್ರಾಣಾಯಾಮ ಮಾಡಿ, ಸರಿಹೋಗುತ್ತದೆ ಅಂತ ಹೇಳಲು ನನಗೆ ಮನಸ್ಸಿಲ್ಲ. 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು ಅಂತ ಕೇಂದ್ರ ಸರ್ಕಾರದ 2013ರ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯೇ ಹೇಳುತ್ತದೆ. ನಿಮ್ಮ ಕ್ಲಾಸಿನ ಲೆಕ್ಕವೇ ತಪ್ಪಿದೆ, ನಿಮ್ಮ ತಾಳ್ಮೆ ಅಲ್ಲ. ಒಬ್ಬರೇ ಹೋಗಿ ಹೇಳಿದರೆ "ನಿಮಗೆ ಮಾತ್ರ ಯಾಕೆ ಕಷ್ಟ?" ಅಂತಾರೆ. ಪಕ್ಕದ ಕ್ಲಾಸಿನವರನ್ನೂ ಸೇರಿಸಿಕೊಂಡು, ಬರೆದುಕೊಂಡೇ ಹೋಗಿ. ಬೆಳಗಿನ ಹೊತ್ತು ಪೂರ್ತಿ ಒಬ್ಬ ಆಯಾ, ನಡುವೆ ಹದಿನೈದು ನಿಮಿಷ ಬಿಡುವು, ಸಂಜೆ ಐದರ ಮೇಲೆ ಗ್ರೂಪಿನಲ್ಲಿ ಉತ್ತರ ಇಲ್ಲ. ಮೊದಲು ಇಷ್ಟನ್ನೇ ಕೇಳಿ. ಅಷ್ಟಮಿಯ ಮುದ್ದುಕೃಷ್ಣ, ವಾರ್ಷಿಕೋತ್ಸವದ ಡ್ಯಾನ್ಸು, ಇದೆಲ್ಲದರ ಕೆಲಸ ಯಾರು ಯಾರಿಗೆ ಅಂತಲೂ ಆಗಲೇ ಹಂಚಿಕೊಳ್ಳಿ.

ಜೊತೆಗೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಿದ್ದರೂ ಇದೇ ಥರ ಸುಸ್ತು, ಸಿಡಿಮಿಡಿ ಇರುತ್ತದೆ. ರಜೆಯಲ್ಲೂ ಮನಸ್ಸು ಏಳದಿದ್ದರೆ, ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನಿಸಿದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಮಗ ಟಿಫಿನ್ ತಿಂದನಾ ಅಂತ ರಾತ್ರಿ ಒಂಬತ್ತಕ್ಕೆ ಮೆಸೇಜ್ ಹಾಕಿದರೆ ಅವನ ಟೀಚರ್ ಉತ್ತರಿಸುವುದಿಲ್ಲ. ಇದು ಅಸಡ್ಡೆ ಅಲ್ವಾ?
– ಓದುಗರು, ಕಂಕನಾಡಿ, ಮಂಗಳೂರು

ಉತ್ತರ: ಅಲ್ಲ. ಮೇಲಿನ ಪತ್ರ ಓದಿ. ಡಬ್ಬಿ ತೆರೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ, ಉಳಿದದ್ದನ್ನು ಬೆಳಿಗ್ಗೆ ಗೇಟಿನಲ್ಲಿ ಕೇಳಿ. ಜ್ವರ, ಅಲರ್ಜಿ ಇಂಥದ್ದಿದ್ದರೆ ಯಾವಾಗ ಬೇಕಾದರೂ ಫೋನ್ ಮಾಡಬಹುದು.